ನಾನು, ನೀನು, ಅವನು: ಒಂದು ಕವನಕಥೆಯ ಸಿದ್ಧತೆ



ಕವಿಯಾದವನನ್ನು ಕರೆದು ಮಾತನಾಡಿ ಎಂದರೆ ಅವನು ಸಾಮಾನ್ಯವಾಗಿ ತಾನು ಬರೆದು ಮುಗಿಸಿದ ಪುಸ್ತಕದ ಬಗ್ಗೆ ಹೇಳುತ್ತಾನೆ. ನಾನು ಇಂದು ಬರೆದು ಮುಗಿಸದ, ಅರ್ಧ ನೋಟುಬುಕ್ಕಿನಲ್ಲೂ ಇನ್ನರ್ಧ ತಲೆಯಲ್ಲೂ ಇರುವ ಒಂದು ಪುಸ್ತಕದ ವಿಚಾರ ಹೇಳಬೇಕೆಂದಿದ್ದೇನೆ. ಅದೊಂದು ಪ್ರೇಮಕಥೆ. ಪ್ರೀತಿಸುವವರಿಬ್ಬರೂ ಗಂಡಸರು. ಕಥೆಯಲ್ಲಿ ಸ್ವಲ್ಪ ಮಾಯೆಯೂ ಇದೆ. ಅದನ್ನು ಗದ್ಯದಲ್ಲಾಗಲಿ, ಒಂದೇ ಉದ್ದನೆಯ ಕಾವ್ಯವಾಗಿಯಾಗಲಿ ಹೇಳದೆ, ಒಂದೊಂದೂ ತನ್ನಷ್ಟಕ್ಕೆ ನಿಲ್ಲಬಲ್ಲ ಸಣ್ಣ ಸಣ್ಣ ಕವನಗಳ ಸಂಕಲನದ ಮೂಲಕ ಹೇಳಬೇಕೆಂಬುದು ನನ್ನ ಆಸೆ.

ಇಂಥ ಬರವಣಿಗೆಗೆ ಇಂಗ್ಲಿಷಿನಲ್ಲಿ ಕ್ವಿಯರ್ ಫ್ಯಾಂಟಸಿ ಎಂಬ ಹೆಸರಿದೆ. ಕ್ವಿಯರ್ ಎಂಬುದು ಮೊದಲು ಬೈಗುಳವಾಗಿತ್ತು. ಬೈಸಿಕೊಂಡವರೇ ಅದನ್ನು ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡರು. ಕನ್ನಡದಲ್ಲಿ ನಾವು ಸಲಿಂಗ ಪ್ರೇಮ ಎನ್ನುತ್ತೇವೆ. ಆ ಮಾತು ಯಾಕೋ ವೈದ್ಯರ ಚೀಟಿಯಲ್ಲಿ ಬರೆದ ಹಾಗೆ ಕೇಳಿಸುತ್ತದೆ. ನನ್ನ ಪುಸ್ತಕದ ಒಳಗೆ ಎಲ್ಲಿಯೂ ಅದನ್ನು ಬಳಸುವುದಿಲ್ಲ.

ಕವಿತೆಗೂ ಯೋಜನೆಯೇ ಎಂದು ನೀವು ಕೇಳಬಹುದು. ಬಿಡಿ ಕವಿತೆಗೆ ಬೇಕಿಲ್ಲ, ಅದು ಬಂದಾಗ ಬರೆದುಕೊಂಡರಾಯಿತು. ಆದರೆ ಬಿಡಿ ಕವಿತೆಗಳಿಂದ ಕಥೆ ಕಟ್ಟುವಾಗ ಮಾತು ಬೇರೆ. ಮನೆ ಕಟ್ಟುವ ಮೇಸ್ತ್ರಿ ಗೋಡೆ ಎಲ್ಲಿ ಎಂದು ಯೋಚಿಸುವಷ್ಟೇ ಬಾಗಿಲು ಕಿಟಕಿ ಎಲ್ಲಿ ಎಂದೂ ಯೋಚಿಸಬೇಕಾಗುತ್ತದೆ. ಎರಡು ಕವನಗಳ ನಡುವೆ ಬಿಟ್ಟ ಜಾಗದಲ್ಲಿಯೇ ಕಥೆಯ ಬಹುಪಾಲು ನಡೆದುಹೋಗುತ್ತದೆ.

ಇದು ಕನ್ನಡಕ್ಕೆ ಹೊಸದೇನೂ ಅಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಅದರಲ್ಲಿ ಕಥೆ ಎಂದು ಯಾರೂ ಹೇಳಿಲ್ಲ. ಆದರೂ ಓದಿ ಮುಗಿಸಿದವರಿಗೆ ಆ ಗಂಡಹೆಂಡಿರು ಪಕ್ಕದ ಮನೆಯವರಷ್ಟು ಪರಿಚಿತರಾಗಿಬಿಡುತ್ತಾರೆ. ಅರ್ಧ ಶತಮಾನದ ಬಳಿಕ, 1992ರಲ್ಲಿ, ಟಿ.ಎಸ್. ನಾಗಾಭರಣ ಅವರು ಆ ಕವನಗಳನ್ನೇ ಪೋಣಿಸಿ ಒಂದು ಚಲನಚಿತ್ರ ಮಾಡಿದರು. ಅದೇ ಹೆಸರು, ಅವೇ ಹಾಡುಗಳು. ನಡುವಣ ಕಥೆ ಮಾತ್ರ ಸಿನಿಮಾದವರದು. ನಾವು ಓದುಗರು ಐವತ್ತು ವರ್ಷ ನಮ್ಮ ನಮ್ಮ ಮನಸ್ಸಿನಲ್ಲಿ ಮಾಡಿಕೊಂಡಿದ್ದನ್ನೇ ಅವರು ತೆರೆಯ ಮೇಲೆ ಮಾಡಿದರು ಎನ್ನಬೇಕು.

ಹೊರಗಿನ ಉದಾಹರಣೆಗಳಲ್ಲಿ ನನ್ನನ್ನು ಬಹಳ ಕಾಡಿದ ಪುಸ್ತಕ ಕೆನಡಾದ ಆ್ಯನ್ ಕಾರ್ಸನ್ ಅವರ ‘ಆಟೋಬಯಾಗ್ರಫಿ ಆಫ್ ರೆಡ್’. ಪ್ರಕಟವಾದದ್ದು 1998ರಲ್ಲಿ. ಗ್ರೀಕ್ ಪುರಾಣದಲ್ಲಿ ಗೆರಿಯನ್ ಎಂಬ ರಾಕ್ಷಸನಿದ್ದಾನೆ. ಅವನ ಕೆಂಪು ದನಗಳನ್ನು ಹೊಡೆದುಕೊಂಡು ಹೋಗಲು ಬಂದ ಹೆರಾಕ್ಲಿಸ್ ಎಂಬ ವೀರ ಅವನನ್ನು ಕೊಲ್ಲುತ್ತಾನೆ. ಸ್ಟೆಸಿಕೋರಸ್ ಎಂಬ ಪ್ರಾಚೀನ ಕವಿ ಇದನ್ನು ರಾಕ್ಷಸನ ಕಡೆಯಿಂದ ಬರೆದನಂತೆ. ಅದರ ಚೂರುಗಳು ಮಾತ್ರ ಉಳಿದಿವೆ. ಆ ಚೂರುಗಳನ್ನು ಹಿಡಿದು ಕಾರ್ಸನ್ ಅವರು ಗೆರಿಯನ್ನನನ್ನು ನಮ್ಮ ಕಾಲದ ಒಬ್ಬ ಹುಡುಗನನ್ನಾಗಿ ಮಾಡಿದರು. ಮೈ ಕೆಂಪು, ಬೆನ್ನಿಗೆ ರೆಕ್ಕೆ. ಅವನಿಗೆ ಹೆರಾಕ್ಲಿಸ್ ಎಂಬ ಹುಡುಗನ ಮೇಲೆ ಪ್ರೀತಿಯಾಗುತ್ತದೆ. ಪುರಾಣದಲ್ಲಿ ಕೊಂದವನು ಇಲ್ಲಿ ಮನಸ್ಸು ಮುರಿದು ಹೋಗುತ್ತಾನೆ. ರೆಕ್ಕೆಯ ವಿಚಾರವನ್ನು ಆ ಪುಸ್ತಕ ಎಲ್ಲಿಯೂ ದೊಡ್ಡದು ಮಾಡುವುದಿಲ್ಲ. ಹುಡುಗ ಅದನ್ನು ಕೋಟಿನೊಳಗೆ ಮಡಚಿಟ್ಟುಕೊಂಡು ಓಡಾಡುತ್ತಾನೆ, ಅಷ್ಟೆ. ಮಾಯೆಯನ್ನು ಹೀಗೆ ದಿನನಿತ್ಯದ ಬಟ್ಟೆಬರೆಯ ಜತೆಗೆ ಇಡಬಹುದು ಎಂದು ನಾನು ಕಲಿತದ್ದು ಅಲ್ಲಿ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನ ಮೊದಲ ಸಂಕಲನ ಬಂದದ್ದು 1984ರಲ್ಲಿ. ನನಗಾಗ 26 ವರ್ಷ. ಪ್ರೇಮಗೀತೆಗಳು. ಎಲ್ಲವೂ ‘ನಾನು’ ‘ನೀನು’ ಎಂಬ ಧಾಟಿಯಲ್ಲಿ ಇದ್ದವು. ನಮ್ಮ ಕಡೆಯ ಜನ ಅವನ್ನು ಪ್ರೀತಿಯಿಂದ ಓದಿದರು. ಕೆಲವರು ಮದುವೆಯ ಕರೆಯೋಲೆಗಳಲ್ಲಿ ಅಚ್ಚು ಹಾಕಿಸಿದ್ದೂ ಉಂಟು. ನಾನು ಮದುವೆಯಾಗಲಿಲ್ಲವಾದ್ದರಿಂದ, ಆ ‘ನೀನು’ ಯಾರೋ ಕೈಕೊಟ್ಟ ಹುಡುಗಿಯಿರಬೇಕೆಂದು ಸಹೋದ್ಯೋಗಿಗಳು ಊಹೆ ಮಾಡಿ, ನನ್ನ ಮೇಲೆ ಕನಿಕರವನ್ನೂ ಇಟ್ಟುಕೊಂಡಿದ್ದರು. ಕನಿಕರ ಸುಖಕರವಾದದ್ದು. ನಾನು ಅದನ್ನು ತಿದ್ದಲು ಹೋಗಲಿಲ್ಲ.

ಆ ಪದ್ಯಗಳ ‘ನೀನು’ ಹುಡುಗಿಯಾಗಿರಲಿಲ್ಲ.

ಇದನ್ನು ಬಚ್ಚಿಡಲು ನಾನು ಏನೂ ಕಷ್ಟಪಡಬೇಕಾಗಿರಲಿಲ್ಲ. ಕನ್ನಡ ಭಾಷೆಯೇ ನನ್ನ ಪರವಾಗಿ ಬಚ್ಚಿಟ್ಟುಕೊಂಡಿತು. ನಮ್ಮ ವ್ಯಾಕರಣವನ್ನು ಸ್ವಲ್ಪ ನೋಡಿ. ‘ನಾನು ಬಂದೆ’ ಎಂದರೆ ಬಂದದ್ದು ಗಂಡೋ ಹೆಣ್ಣೋ ತಿಳಿಯದು. ‘ನೀನು ಬಂದೆ’ ಎಂದರೂ ತಿಳಿಯದು. ಹಿಂದಿಯಲ್ಲಿ ಹಾಗಲ್ಲ, ‘ಮೈಂ ಆಯಾ’ ಎಂದನೋ ‘ಮೈಂ ಆಯೀ’ ಎಂದಳೋ, ಬಾಯಿ ತೆರೆದೊಡನೆ ಗುಟ್ಟು ಬಯಲು. ಆದರೆ ಮೂರನೆಯವರ ಸುದ್ದಿ ಎತ್ತಿದಿರೋ, ಕನ್ನಡಕ್ಕೆ ದಾಕ್ಷಿಣ್ಯವೇ ಇಲ್ಲ. ಬಂದನು, ಬಂದಳು, ಬಂದಿತು. ಕ್ರಿಯಾಪದದ ಬಾಲದಲ್ಲೇ ಲಿಂಗ ಕುಳಿತಿರುತ್ತದೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತಿನಲ್ಲಿ ಕನ್ನಡ ಕೇಳುವುದಿಲ್ಲ; ಹೊರಗಿನವರು ಅವರನ್ನು ಕುರಿತು ಆಡುವ ಮಾತಿನಲ್ಲಿ ಮಾತ್ರ ಕೇಳುತ್ತದೆ. ಭಾವಗೀತೆ ಎದುರುಬದುರಿನ ಮಾತು. ಕಥೆ ಹೊರಗಿನವರ ಮಾತು.

ಮೂವತ್ತೈದು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಇದು ತನ್ನ ಬಾಳಿಗೆ ಸಂಬಂಧಿಸಿದ ಸೂತ್ರ ಎಂದು ಹೊಳೆಯಲು ನಿವೃತ್ತಿಯ ವರ್ಷ ಬರಬೇಕಾಯಿತು.

ಈ ಸರ್ವನಾಮದ ಕಾಟ ನನ್ನೊಬ್ಬನದೇ ಅಲ್ಲ. ಷೇಕ್ಸ್‌ಪಿಯರನ 154 ಸಾನೆಟ್ಟುಗಳು 1609ರಲ್ಲಿ ಅಚ್ಚಾದವು. ಅವುಗಳಲ್ಲಿ ಮೊದಲ 126 ಒಬ್ಬ ತರುಣನನ್ನು ಕುರಿತವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. 1640ರಲ್ಲಿ ಜಾನ್ ಬೆನ್ಸನ್ ಎಂಬ ಪ್ರಕಾಶಕ ಅವನ್ನು ಮತ್ತೆ ಅಚ್ಚು ಹಾಕಿಸಿದಾಗ ಕ್ರಮ ಕಲಸಿ, ತನ್ನದೇ ತಲೆಬರಹ ಕೊಟ್ಟು, ಕೆಲವು ಕಡೆ ‘ಅವನು’ ಇದ್ದದ್ದನ್ನು ‘ಅವಳು’ ಮಾಡಿದ. ಬಹಳ ಕಡೆ ಏನಲ್ಲ, ಅಲ್ಲೊಂದು ಇಲ್ಲೊಂದು. ಅಷ್ಟು ಸಾಕಾಯಿತು. ನನ್ನ ವಿಷಯದಲ್ಲಿ ಪ್ರಕಾಶಕರಿಗೆ ಆ ತೊಂದರೆಯನ್ನೂ ಕೊಡಲಿಲ್ಲ. ತಿದ್ದಲು ಬೇಕಾದ ಪದವೇ ನನ್ನ ಪುಸ್ತಕದಲ್ಲಿ ಇರಲಿಲ್ಲ.

ನಾನು ನಿವೃತ್ತನಾದದ್ದು 2018ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅದು ಅಪರಾಧವಲ್ಲ, 1860ರ ದಂಡಸಂಹಿತೆಯ 377ನೇ ಕಲಮು ಅವರಿಗೆ ಅನ್ವಯಿಸುವುದಿಲ್ಲ ಎಂದಿತು. ಆ ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿದ. ಬಹಳ ಹೊತ್ತು ಮಳೆಯ ವಿಷಯ ಮಾತನಾಡಿದ. ಇಡುವ ಮುಂಚೆ, ‘ಸರ್, ನಿಮ್ಮ ಪದ್ಯಗಳಲ್ಲಿ ನೀನು ಅಂತ ಬರುತ್ತಲ್ಲ, ಅದನ್ನು ನಾನು ನನಗೆ ಬೇಕಾದ ಹಾಗೆ ಓದಿಕೊಂಡಿದ್ದೆ. ತಪ್ಪಿಲ್ಲ ತಾನೆ?’ ಎಂದ. ತಪ್ಪಿಲ್ಲ ಮಾರಾಯ ಎಂದೆ. ಅಷ್ಟೇ ಹೇಳಿದೆ. ಅವನು ಕೇಳಿದ್ದು ಅದಕ್ಕಿಂತ ಹೆಚ್ಚಿನದನ್ನು ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊಸ ಪುಸ್ತಕದ ಮೊದಲ ನಿಬಂಧನೆ ಅಲ್ಲಿಂದ ಹುಟ್ಟಿತು. ‘ನಾನು’ ‘ನೀನು’ ಇರಲಿ, ಅದು ಪ್ರೀತಿಯ ಮಾತೃಭಾಷೆ. ಆದರೆ ಪುಸ್ತಕ ಮುಗಿಯುವುದರೊಳಗೆ ಒಂದು ಸಲವಾದರೂ, ಪ್ರೀತಿಸುವವನೇ ತನ್ನ ಬಾಯಿಂದ, ಹೊರಗಿನವರ ಎದುರಿಗೆ, ‘ಅವನು’ ಎನ್ನಬೇಕು. ಇಡೀ ಕಥೆಯ ಜೋಡಣೆ ಆ ಒಂದು ಪದಕ್ಕೆ ಹೋಗಿ ಮುಟ್ಟುವ ಹಾಗಿರಬೇಕು.

ಈಗ ಕಥೆ. ನಡೆಯುವುದು ಶರಾವತಿಯ ಹಿನ್ನೀರಿನಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನನಗಾಗ ಆರು ವರ್ಷ. ನನ್ನ ತಾಯಿಯ ತವರೂರು ಆ ನೀರಿನಡಿ ಇದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ನಮ್ಮ ಮನೆಯಲ್ಲಿ ದೇವರ ಸ್ತೋತ್ರ ಬಾರದ ಮಕ್ಕಳಿಗೂ ಈ ಅಂಕಿ ಬರುತ್ತಿತ್ತು. ಮುಳುಗಡೆಯ ನೋವನ್ನು ನಾ. ಡಿಸೋಜ ಅವರು ಕಾದಂಬರಿಗಳಲ್ಲಿ ಬರೆದಿದ್ದಾರೆ; ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರ ಚಿತ್ರದಲ್ಲಿ ನಿಮ್ಮಲ್ಲಿ ಅನೇಕರು ನೋಡಿರಬಹುದು. ನನಗೆ ಬೇಕಾದದ್ದು ಆ ನೀರಿನ ಇನ್ನೊಂದು ಗುಣ. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಡಿಯಲ್ಲಿದ್ದದ್ದು ಮೇಲೆ ಬರುತ್ತದೆ. ಲಿಂಗನಮಕ್ಕಿಗಿಂತ ಮುಂಚೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಹಾಗೆ ಎದ್ದು ನಿಂತಾಗ ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿಬರುತ್ತಾರೆ. ಅಣೆಕಟ್ಟನ್ನು ಮುಳುಗಿಸಿದ ಅಣೆಕಟ್ಟು! ಯಾವ ಮಾಯಾಕಥೆಯವನೂ ಇದಕ್ಕಿಂತ ಹೆಚ್ಚಿನದನ್ನು ಕಲ್ಪಿಸಲಾರ.

ಮುಳುಗಿದ ಒಂದು ಊರಿನಲ್ಲಿ ಒಬ್ಬ ಉಳಿದುಕೊಂಡಿದ್ದಾನೆ. ಅವನು ಸತ್ತವನಲ್ಲ, ಪ್ರೇತವಲ್ಲ. ಸಂಜೆಯಾದರೆ ನೀರಿನಡಿಯ ಮನೆಮನೆಗೂ ಹೋಗಿ ದೀಪ ಹಚ್ಚುವುದು ಅವನ ಕೆಲಸ. ಮೇಲೆ, ತುಮರಿ ಕಡೆಗೆ ಜನರನ್ನು ದಾಟಿಸುವ ಲಾಂಚಿನಲ್ಲಿ, ಹಗ್ಗ ಎಸೆದು ಕಟ್ಟುವ ಕೆಲಸದ ಹುಡುಗ ಇನ್ನೊಬ್ಬ. ಬೇಸಿಗೆಯಲ್ಲಿ ನೀರಿಳಿದು ಹಳೆಯ ಬಾವಿಕಟ್ಟೆ ಕಂಡ ದಿನದಿಂದ, ಮಳೆಗಾಲದಲ್ಲಿ ಅದು ಮತ್ತೆ ಮುಳುಗುವ ದಿನದವರೆಗೆ, ಕೆಳಗಿನವನು ನೆಲದ ಮೇಲೆ ನಡೆಯಬಹುದು. ಹೆಚ್ಚೆಂದರೆ ಯುಗಾದಿಯ ಆಸುಪಾಸಿನಿಂದ ಆರಿದ್ರಾ ಮಳೆಯವರೆಗೆ. ಆಮೇಲೆ ಹೋಗಲೇಬೇಕು.

ಮಾಯೆಗೂ ಲೆಕ್ಕ ಇರಬೇಕು. ಏನು ಬೇಕಾದರೂ ಆಗಬಹುದು ಎಂದರೆ ಓದುಗರಿಗೆ ಯಾವುದರ ಆತಂಕವೂ ಇರುವುದಿಲ್ಲ. ನಮ್ಮ ಪುರಾಣಿಕರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಳನ ಕಥೆಯಲ್ಲಿ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು, ಲೆಕ್ಕ ಖಚಿತ.

ಇಲ್ಲಿ ಒಂದು ತೊಡಕು ಎದುರಾಯಿತು, ನಾನು ಬಹಳ ದಿನ ನಿಂತುಬಿಟ್ಟದ್ದು ಅಲ್ಲಿಯೇ. ಮಾಯೆ ಯಾವುದರ ಮೇಲೆ ಕೆಲಸ ಮಾಡಬೇಕು? ಹಳೆಯ ಕಥೆಗಳಲ್ಲಿ ಅದು ದೇಹದ ಮೇಲೆ ಕೆಲಸ ಮಾಡುತ್ತದೆ. ಸ್ಕಂದಪುರಾಣದಲ್ಲಿ ಸುಮೇಧ, ಸಾಮವಾನ್ ಎಂಬ ಇಬ್ಬರು ಬ್ರಾಹ್ಮಣ ಗೆಳೆಯರ ಕಥೆಯಿದೆ. ಬಡತನಕ್ಕಾಗಿ, ವಿದರ್ಭದ ರಾಜನ ಮಾತಿನಂತೆ, ದಂಪತಿಪೂಜೆ ಮಾಡುವ ಸೀಮಂತಿನಿ ಎಂಬ ರಾಣಿಯ ಬಳಿಗೆ ಗಂಡಹೆಂಡಿರ ವೇಷದಲ್ಲಿ ಹೋಗುತ್ತಾರೆ. ರಾಣಿ ಅವರನ್ನು ಪಾರ್ವತೀ ಪರಮೇಶ್ವರರೆಂದೇ ಭಾವಿಸಿ ಪೂಜಿಸುತ್ತಾಳೆ. ಆ ಭಕ್ತಿಯ ಬಲಕ್ಕೆ ಹೆಣ್ಣುವೇಷದ ಸಾಮವಾನ್ ನಿಜವಾಗಿಯೂ ಸಾಮವತಿಯಾಗಿಬಿಡುತ್ತಾನೆ. ಕೊನೆಗೆ ಇಬ್ಬರಿಗೂ ಮದುವೆ. ಎಂಥ ಸೊಗಸಾದ ಕಥೆ! ಆದರೆ ಮದುವೆಯಾಗಬೇಕಾದರೆ ಒಬ್ಬ ಹೆಣ್ಣಾಗಲೇಬೇಕಾಯಿತು.

ಇಲ್ಲಿ ಒಂದು ಮಾತನ್ನು ಎಚ್ಚರದಿಂದ ಹೇಳಬೇಕು. ದೇಹ ಬದಲಾಗುವ ಕಥೆಗಳು ಸುಳ್ಳಿನ ಕಥೆಗಳಲ್ಲ. ಯಕ್ಷನಿಂದ ಗಂಡುತನ ಪಡೆದ ಶಿಖಂಡಿಯ ಕಥೆ, ಗಂಡಾಗಿ ಹುಟ್ಟಿ ಹೆಣ್ಣೆಂದು ಬಾಳುವವರಿಗೆ, ಹೆಣ್ಣಾಗಿ ಹುಟ್ಟಿ ಗಂಡೆಂದು ಬಾಳುವವರಿಗೆ, ತಮ್ಮದೇ ನಿಜ. ನಮ್ಮ ಜೋಗತಿ ಅಮ್ಮಂದಿರ ಎದುರು ನಿಂತು ಅದನ್ನು ಬರಿಯ ಉಪಾಯವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದು ನನ್ನ ಇಬ್ಬರು ಗಂಡಸರ ನಿಜವಲ್ಲ. ಗಂಡಸಾಗಿಯೇ ಇದ್ದು ಗಂಡಸನ್ನೇ ಪ್ರೀತಿಸುವವನ ದೇಹದಲ್ಲಿ ರಿಪೇರಿ ಮಾಡಬೇಕಾದದ್ದು ಏನೂ ಇಲ್ಲ.

ರಾಜಸ್ಥಾನದ ವಿಜಯದಾನ್ ದೇಥಾ ಅವರು ಈ ತೊಡಕನ್ನು ಬಲ್ಲವರು. ಅವರ ಒಂದು ಕಥೆಯಲ್ಲಿ ಮದುವೆಯಾದ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಬೀಜಾ ಮತ್ತು ತೀಜಾ. ಊರು ಬಿಟ್ಟ ಅವರಿಗೆ ಭೂತಗಳ ಒಡೆಯ ಆಸರೆ ಕೊಡುತ್ತಾನೆ, ಬೀಜಾಳನ್ನು ಗಂಡಾಗಿಸುತ್ತಾನೆ. ಗಂಡಾದೊಡನೆ ಅವಳಿಗೆ ಗಂಡಸಿನ ದರ್ಪವೂ ಬರುತ್ತದೆ. ಕೊನೆಗೆ ಮತ್ತೆ ಹೆಣ್ಣಾಗಿಯೇ ಸುಖವಾಗಿರುತ್ತಾಳೆ. ಭೂತಗಳಿಗಿದ್ದ ತಿಳಿವಳಿಕೆ ಊರಿನವರಿಗಿರಲಿಲ್ಲ.

ಹೀಗಾಗಿ ನನ್ನ ಎರಡನೆಯ ನಿಬಂಧನೆ: ಮಾಯೆ ನೀರಿನ ಮೇಲೆ ಇರಲಿ, ಮೈಯ ಮೇಲೆ ಬೇಡ. ಇನ್ನೊಂದು ಅಪಾಯವೂ ಇತ್ತು. ಪ್ರಿಯನನ್ನು ನೀರಿನವನು ಎಂದೊಡನೆ, ಓದುಗರು ‘ಅದೇನೋ ಯಕ್ಷನಂತೆ, ಮನುಷ್ಯರ ಲೆಕ್ಕಕ್ಕೆ ಬರುವುದಿಲ್ಲ’ ಎಂದು ತಪ್ಪಿಸಿಕೊಳ್ಳಬಹುದು. ಅದಕ್ಕಾಗಿ ಅವನಿಗೆ ಹಸಿವು, ಸಿಟ್ಟು, ಬೀಡಿಯ ಚಟ, ಒದ್ದೆ ಅಂಗಿಯಿಂದ ಬರುವ ಕೆಮ್ಮು, ಎಲ್ಲ ಕೊಟ್ಟಿದ್ದೇನೆ. ಕಣ್ಣು ನೀಲಿ ಎಂದು ಒಮ್ಮೆ ಬರೆದಿದ್ದೆ. ಹೊಡೆದು ಹಾಕಿದೆ.

ಜೋಡಣೆಯ ವಿಚಾರ. ನಮ್ಮ ಮಲೆನಾಡಿನ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ, ಪುನರ್ವಸು, ಪುಷ್ಯ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. 27 ನಕ್ಷತ್ರ ಮುಗಿದರೆ ಒಂದು ವರ್ಷ. ನನ್ನ ಕಥೆ ನೀರಿನ ಏರಿಳಿತದ ಕಥೆಯಾದ್ದರಿಂದ 27 ಪದ್ಯ, ಅಶ್ವಿನಿಯಿಂದ ರೇವತಿಯವರೆಗೆ ಎಂದು ಗೊತ್ತುಮಾಡಿಕೊಂಡೆ. ಕಥೆಯ ಕಾಲ ಹದಿನೈದು ಹದಿನಾರು ವರ್ಷ, ಪದ್ಯಗಳ ಪಂಚಾಂಗ ಮಾತ್ರ ಒಂದೇ ಸುತ್ತು. ಭರಣಿಯ ಪದ್ಯ ಮೊದಲ ವರ್ಷದ್ದಾದರೆ ಕೃತ್ತಿಕೆಯದು ಮೂರನೆಯ ವರ್ಷದ್ದಿರಬಹುದು. ಎಷ್ಟನೆಯ ವರ್ಷ ಎಂದು ಎಲ್ಲಿಯೂ ಬರೆಯುವುದಿಲ್ಲ. ಅದು ತಿಳಿಯುವ ಬಗೆಯನ್ನು ಆಮೇಲೆ ಹೇಳುತ್ತೇನೆ.

ಛಂದಸ್ಸಿನ ಬಗ್ಗೆ ಹೆಚ್ಚು ಹೇಳಲಾರೆ. ಸಾಂಗತ್ಯದಲ್ಲಿ ಬರೆಯಲು ಹೊರಟಿದ್ದೆ. ಎಂಟು ಪದ್ಯ ಬರೆದ ಮೇಲೆ ನೋಡಿದರೆ ಎಲ್ಲ ಸಾಲಿನ ಕೊನೆಯಲ್ಲೂ ‘ಬಂದನು’ ‘ನಿಂದನು’ ‘ಎಂದನು’ ಬಂದು ಕುಳಿತಿದ್ದವು. ಕಥನಕ್ಕೆ ಒಗ್ಗಿದ ಮಟ್ಟು, ಅದರ ತಪ್ಪಲ್ಲ. ಬಿಟ್ಟುಬಿಟ್ಟೆ. ಈಗ ಉಸಿರಿಗೆ ತಕ್ಕಷ್ಟು ಉದ್ದದ ಸಾಲುಗಳಲ್ಲಿ ಬರೆಯುತ್ತಿದ್ದೇನೆ. ಮೃಗಶಿರಾದ ಪದ್ಯ ಚಿಕ್ಕದು, ಓದುತ್ತೇನೆ.

ಹಗ್ಗ ಎಸೆದೆ, ಹಿಡಿದೆ ನೀನು.
ಕಟ್ಟಲು ಗೂಟವಿರಲಿಲ್ಲ ದಡದಲ್ಲಿ.
ಇಬ್ಬರ ಕೈಯೂ ಒದ್ದೆ, ಇಬ್ಬರಿಗೂ ಗೊತ್ತು
ಬಿಟ್ಟರೆ ಲಾಂಚು ಹೋಗುತ್ತದೆ ಎಂದು.
ಎಷ್ಟು ಹೊತ್ತು ನಿಂತಿದ್ದೆವೋ,
ಹತ್ತುವವರೆಲ್ಲ ಹತ್ತಿ ಆಗಿತ್ತು.

ಇದರಲ್ಲಿ ಯಾರು ಗಂಡು, ಯಾರು ಹೆಣ್ಣು ಎಂದು ಕೇಳಿದರೆ ಉತ್ತರವಿಲ್ಲ. 1984ರಲ್ಲಾಗಿದ್ದರೆ ಇಷ್ಟಕ್ಕೆ ತೃಪ್ತನಾಗಿ ಮುದ್ರಣಕ್ಕೆ ಕಳಿಸುತ್ತಿದ್ದೆ. ಈಗ ಇದರ ಪಕ್ಕದ ಪುಟದಲ್ಲಿ ದಡದ ಚಹಾ ಅಂಗಡಿಯವರ ಮಾತು ಇಡುತ್ತಿದ್ದೇನೆ. ಅವರು ಹೊರಗಿನವರು, ಅವರ ಮಾತು ಪ್ರಥಮ ಪುರುಷದ್ದು. ‘ಹಗ್ಗ ಹಿಡಿದವನು ಯಾರೋ? ನಮ್ಮೂರವನಲ್ಲ. ಇವನು ಅವನನ್ನೇ ನೋಡ್ತಾ ನಿಂತಿದ್ನಲ್ಲ!’ ಇದನ್ನು ಬರೆಯುವಾಗ ಒಂದು ಸಣ್ಣ ಬೆಳಕು ಕಂಡಿತು. ಗಂಡು ಹೆಣ್ಣಿನ ಕಥೆಯಾದರೆ ‘ಅವನು’ ‘ಅವಳು’ ಎಂದರೆ ಮುಗಿಯಿತು, ಗೊಂದಲವಿಲ್ಲ. ಇಬ್ಬರು ಗಂಡಸರ ಕಥೆಯಲ್ಲಿ ಇಬ್ಬರೂ ‘ಅವನು’. ಆಗ ಕನ್ನಡ ಇನ್ನೊಂದು ದಾರಿ ತೋರಿಸುತ್ತದೆ: ಹತ್ತಿರದವನು ಇವನು, ದೂರದವನು ಅವನು. ದಡದವನು ಇವನು, ನೀರಿನವನು ಅವನು. ಲಿಂಗದ ಬದಲು ದೂರ. ಪ್ರೇಮಕಥೆಗೆ ಇದಕ್ಕಿಂತ ಹೊಂದುವ ವ್ಯಾಕರಣ ಬೇಕೆ?

ಚಹಾ ಅಂಗಡಿಯದು ನಕ್ಷತ್ರದ ಲೆಕ್ಕಕ್ಕೆ ಸೇರಲಿಲ್ಲ. ಅದರಂತೆ ಇನ್ನೂ ಎರಡು ಬಂದು ಸೇರಿಕೊಂಡವು. ಒಂದು, ಮುಳುಗಡೆಯ ನೋಟೀಸು. ಸರ್ಕಾರಿ ಕನ್ನಡದಲ್ಲಿ ನಾನೂ ಇಲ್ಲ, ನೀನೂ ಇಲ್ಲ, ಅವನೂ ಇಲ್ಲ. ‘ತೆರವುಗೊಳಿಸತಕ್ಕದ್ದು’ ಎಂಬ ಒಂದು ತಕ್ಕದ್ದು ಮಾತ್ರ ಇದೆ. ಇನ್ನೊಂದು, ಲಾಂಚಿನ ಹುಡುಗನ ತಾಯಿಯ ಪದ, ತ್ರಿಪದಿಯಲ್ಲಿ. ಮಗನಿಗೆ ಹೆಣ್ಣು ನೋಡುತ್ತಿರುವ ತಾಯಿ. ಅವಳು ಏನೂ ಕೇಳುವುದಿಲ್ಲ. ಒಂದು ದಿನ ಊಟಕ್ಕೆ ಎರಡು ಎಲೆ ಹಾಕುತ್ತಾಳೆ. ಈಗ ಲೆಕ್ಕ 30ಕ್ಕೆ ಹೋಗಿದೆ. ಯೋಜನೆ ಸ್ವಲ್ಪ ಕೆಡಬೇಕು, ಇಲ್ಲದಿದ್ದರೆ ಅದು ಸರ್ಕಾರಿ ಯೋಜನೆಯಾಗುತ್ತದೆ.

ಇನ್ನು ಮುಕ್ತಾಯ. ರಮ್ಯ ಪ್ರೇಮಕಥೆ ಎಂದ ಮೇಲೆ ಓದುಗರಿಗೆ ಒಂದು ಮಾತು ಕೊಟ್ಟಂತೆ: ಇಬ್ಬರೂ ಕೊನೆಗೆ ಕೂಡುತ್ತಾರೆ. ಆದರೆ ಇಂಥ ಪ್ರೇಮದ ಕಥೆಗಳನ್ನು ಲೋಕ ಬರೆದಿರುವ ರೀತಿ ನೋಡಿದರೆ ಅರ್ಧಕ್ಕರ್ಧ ಸಾವಿನಲ್ಲಿ ಮುಗಿಯುತ್ತವೆ. ನನ್ನ ಮೊದಲ ಕರಡೂ ಹಾಗೆಯೇ ಇತ್ತು. ಒಂದು ವರ್ಷ ಬೇಸಿಗೆಯಲ್ಲಿ ನೀರು ಇಳಿಯುವುದಿಲ್ಲ. ಲಾಂಚಿನ ಹುಡುಗ ಕಾದು ಕಾದು ನೀರಿಗೆ ಇಳಿದುಬಿಡುತ್ತಾನೆ. ಬರೆದಾಗ ಚೆನ್ನಾಗಿದೆ ಎನಿಸಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಮರುದಿನ ಫೋನು ಮಾಡಿದ ಆ ವಿದ್ಯಾರ್ಥಿಯ ನೆನಪಾಯಿತು. ಅಂಥ ಹುಡುಗರು ಇದನ್ನು ರಾತ್ರಿ ಒಬ್ಬರೇ ಕುಳಿತು ಓದುತ್ತಾರೆ. ನೀರಿಗೆ ಇಳಿಯುವುದನ್ನು ಚೆಂದ ಮಾಡಿ ಬರೆದು ಅವರ ಕೈಗೆ ಕೊಡುವ ಹಕ್ಕು ನನಗಿಲ್ಲ. ಆ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ.

ಆಮೇಲೆ ಹೊಳೆದ ಲೆಕ್ಕ ಇದು. ಕೆಳಗಿನವನು ಪ್ರತಿ ಬೇಸಿಗೆಯಲ್ಲಿ ಮುಳುಗಿದ ತನ್ನ ಮನೆಯಿಂದ ಒಂದೇ ಒಂದು ವಸ್ತುವನ್ನು ಮೇಲಕ್ಕೆ ತರಬಹುದು. ಮೊದಲ ವರ್ಷ ಒಂದು ಬುಡ್ಡಿದೀಪ. ಮರುವರ್ಷ ಮಣೆ. ಆಮೇಲೆ ತಾಮ್ರದ ಕೊಡ, ಒರಳುಕಲ್ಲು, ತೂಗುಮಂಚದ ಸರಪಳಿ. ಯಾವ ಪದ್ಯದಲ್ಲಿ ಕೋಣೆಯೊಳಗೆ ಏನೇನಿದೆ ಎಂದು ನೋಡಿಕೊಂಡು ಓದುಗರು ವರ್ಷ ಎಣಿಸಿಕೊಳ್ಳಬಹುದು. ಕಟ್ಟಕಡೆಗೆ ಹೊಸ್ತಿಲು. ತನ್ನ ಮನೆಯ ಹೊಸ್ತಿಲನ್ನು ಒಣನೆಲದ ಮೇಲೆ ಕೂರಿಸಿದವನು ಮತ್ತೆ ನೀರಿಗೆ ಹೋಗಬೇಕಾಗಿಲ್ಲ. ಅಷ್ಟು ಭಾರದ ಮರವನ್ನು ಒಬ್ಬನೇ ಎತ್ತಲಾಗದು, ಇಬ್ಬರು ಬೇಕು. 1980ರ ಬೇಸಿಗೆಯಲ್ಲಿ ಇಬ್ಬರೂ ಹೆಗಲು ಕೊಟ್ಟು ಹೊಸ್ತಿಲನ್ನು ದಿಬ್ಬ ಹತ್ತಿಸುತ್ತಾರೆ.

ಮದುವೆಯಿಲ್ಲ, ಮಂಟಪವಿಲ್ಲ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯ ಇಂಥವರಿಗೆ ಮದುವೆಯ ಹಕ್ಕನ್ನು ತಾನು ಕೊಡಲಾಗದು, ಅದು ಶಾಸನ ಮಾಡುವವರಿಗೆ ಬಿಟ್ಟದ್ದು ಎಂದು ಹೇಳಿದಾಗ, ನಾನು ಈ ಹೊಸ್ತಿಲಿನ ಪದ್ಯವನ್ನು ಮೂರನೆಯ ಬಾರಿ ತಿದ್ದುತ್ತಿದ್ದೆ. ಕಥೆಯಲ್ಲಿ ಬದಲಾಯಿಸಬೇಕಾದದ್ದು ಏನೂ ಕಾಣಲಿಲ್ಲ.

ಮುಂದಿನ ಪದ್ಯ ಶತಭಿಷೆಯದು. ಕಾಲ 1981ರ ಫೆಬ್ರವರಿ. ಜನಗಣತಿಯ ಮೇಷ್ಟರು ಬಾಗಿಲಿಗೆ ಬರುತ್ತಾರೆ. ಆ ತಿಂಗಳಲ್ಲಿ ಬಾವಿಕಟ್ಟೆ ಇನ್ನೂ ನೀರೊಳಗೇ ಇರುತ್ತದೆ, ಹಿಂದಿನ ಯಾವ ವರ್ಷವೂ ಅವನು ಇಷ್ಟು ಬೇಗ ಮೇಲಿರಲು ಸಾಧ್ಯವಿರಲಿಲ್ಲ. ಈಗ ಒಳಗೆ ಒಲೆ ಊದುತ್ತಿದ್ದಾನೆ. ಮೇಷ್ಟರು ಕೇಳುತ್ತಾರೆ, ‘ಮನೇಲಿ ಯಾರ್ಯಾರಿದೀರಿ?’ ‘ನಾನು, ಅವನು.’ ನಾನು ನನಗೆ ಹಾಕಿಕೊಂಡ ನಿಬಂಧನೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜನಗಣತಿಯ ನಮೂನೆಯಲ್ಲಿ ಯಜಮಾನನಿಗೆ ಏನು ಸಂಬಂಧ ಎಂದು ಇನ್ನೊಂದು ಕಲಮು ಇದೆ. ಮೇಷ್ಟರು ಕೇಳಿಯೇ ಕೇಳುತ್ತಾರೆ, ‘ಅವರು ನಿಮಗೆ ಏನಾಗಬೇಕು?’

ಏನೆನ್ನಬೇಕು? ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ, ‘ನಮ್ಮ ಮನೆಯವರು’. ಗಂಡ ಹೆಂಡತಿಯನ್ನು ಕುರಿತು ಹೇಳುವುದೂ ಅದೇ, ಹೆಂಡತಿ ಗಂಡನನ್ನು ಕುರಿತು ಹೇಳುವುದೂ ಅದೇ. ಬಹುವಚನದ ಗೌರವ, ಲಿಂಗದ ಹಂಗಿಲ್ಲ. ಅದನ್ನೇ ಬರೆದೆ. ಬರೆದ ಮೇಲೆ ಗೊತ್ತಾಯಿತು, ಮತ್ತೆ ಬಚ್ಚಿಟ್ಟುಕೊಂಡೆ. ನಲವತ್ತು ವರ್ಷದ ಹಳೆಯ ಚಾಳಿ. ‘ಗೆಳೆಯ’ ಎಂದರೆ ಕಡಿಮೆಯಾಯಿತು. ‘ನಮ್ಮ ಮನೆಯವನು’ ಎಂದು ಒಂದು ವಾರ ಇಟ್ಟುಕೊಂಡು ನೋಡಿದೆ. ಕಿವಿಗೆ ಸ್ವಲ್ಪ ಒರಟು. ಹಾಗೆ ಯಾರೂ ಹೇಳುವುದಿಲ್ಲ. ಹಾಗೆ ಯಾರೂ ಹೇಳಿಲ್ಲವಾದ್ದರಿಂದಲೇ ಇರಲಿ ಎಂದೂ ಅನಿಸುತ್ತಿದೆ. ಅದಾದ ಮೇಲೆ ಮೂರು ನಕ್ಷತ್ರಗಳು ಉಳಿಯುತ್ತವೆ. ಅವಕ್ಕೆ ಬೆಲ್ಲ ಮುಗಿದದ್ದು, ಸೂರು ಸೋರಿದ್ದು, ಇಬ್ಬರೂ ಜಗಳವಾಡಿ ಮಾತು ಬಿಟ್ಟದ್ದು, ಇಂಥ ಮೂರು ಸಾಮಾನ್ಯ ಪದ್ಯಗಳು ಸಾಕು.

2025ರ ಜುಲೈಯಲ್ಲಿ, ಅಂಬಾರಗೋಡ್ಲ ಮತ್ತು ಕಳಸವಳ್ಳಿಯ ನಡುವೆ ಸೇತುವೆಯಾಯಿತು. ಅದಾದ ಸ್ವಲ್ಪ ದಿನಕ್ಕೆ ಸಾಗರದ ಹತ್ತಿರ ಇರುವ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಅವಳಿಗೆ 78 ವರ್ಷ. ಅಜ್ಜನ ಮನೆ ಮುಳುಗುವ ಮೊದಲು ನೋಡಿ ನೆನಪಿಟ್ಟುಕೊಂಡವರಲ್ಲಿ ಈಗ ಅವಳೊಬ್ಬಳೇ. ನೋಟುಬುಕ್ಕು ತೆಗೆದು ಹೊಸ್ತಿಲಿನ ಪದ್ಯವನ್ನೂ ಜನಗಣತಿಯ ಪದ್ಯವನ್ನೂ ಓದಿದೆ. ಓದುವಾಗ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಮುಗಿದ ಮೇಲೆ ಬಹಳ ಹೊತ್ತು ಅವಳು ಅಡಿಕೆ ಕತ್ತರಿಸುತ್ತ ಕುಳಿತಿದ್ದಳು.

ಆಮೇಲೆ ಕೇಳಿದಳು, ‘ಆ ಹೊಸ್ತಿಲು ಯಾವ ಮರದ್ದು ಅಂತ ಬರೀಲೇ ಇಲ್ವಲ್ಲೋ?’

ನಾನು ಅದನ್ನು ಯೋಚಿಸಿರಲಿಲ್ಲ. ಹಾಗೆಂದೆ.

‘ಹಲಸಿಂದು ಅಂತ ಬರಿ. ಅಜ್ಜನ ಮನೇಲಿ ಇದ್ದದ್ದು ಹಲಸಿಂದೇ. ಬಲಗಡೆ ಒಂದು ಗಂಟಿತ್ತು, ನಾವೆಲ್ಲ ಎಡವ್ತಾ ಇದ್ವಿ’ ಎಂದಳು. ಆಮೇಲೆ, ‘ಮಧ್ಯಾಹ್ನದ ಊಟಕ್ಕೆ ಇರ್ತೀಯಲ್ಲ?’ ಎಂದು ಒಳಗೆ ಹೋದಳು.

ಗಂಟಿನ ವಿಚಾರವನ್ನು ಪದ್ಯಕ್ಕೆ ಸೇರಿಸಿದ್ದೇನೆ.